ಜೇಬಿನ ಕ್ಯಾಮೆರಾ: ಕೊಳ್ಳುವುದರಿಂದ ಹಿಡಿದು ಮಳೆಗಾಲ ದಾಟಿಸುವ ತನಕ

ಹೊಸದು ಕೊಳ್ಳುವ ಮುಂಚೆ ಮನೆಯ ಬೀರು ಒಮ್ಮೆ ತಡಕಿ ನೋಡಿ. ಹಳೆಯ ಆಲ್ಬಂಗಳ ಹಿಂದೆ, ಬಳಸದ ಚಾರ್ಜರ್‌ಗಳ ಗಂಟಿನ ಪಕ್ಕ, ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಮಲಗಿರಬಹುದು. 2010ರ ಒಂದೇ ವರ್ಷದಲ್ಲಿ ಜಪಾನಿನ ಕಂಪನಿಗಳು 12 ಕೋಟಿಯಷ್ಟು ಡಿಜಿಟಲ್ ಕ್ಯಾಮೆರಾಗಳನ್ನು ಜಗತ್ತಿಗೆ ಕಳಿಸಿದವು. ಅದರಲ್ಲಿ ಬಹುಪಾಲು ಜೇಬಿಗೆ ಹಿಡಿಸುವಂಥವೇ. ಆಮೇಲೆ ಫೋನುಗಳಲ್ಲೇ ಒಳ್ಳೆಯ ಕ್ಯಾಮೆರಾ ಬಂತು, ಇವೆಲ್ಲ ಬೀರು ಸೇರಿದವು. ಈಗ ಕಾಲೇಜು ಹುಡುಗ ಹುಡುಗಿಯರು ಮತ್ತೆ ಅವನ್ನೇ ಹುಡುಕಿ ಕೊಳ್ಳುತ್ತಿದ್ದಾರೆ. ನನಗಂತೂ ಇದು ಖುಷಿಯ ವಿಷಯ.

ಆದರೆ ಕೊಂಡವರಲ್ಲಿ ಬಹಳ ಜನ ಎರಡೇ ತಿಂಗಳಿಗೆ ಅದನ್ನು ವಾಪಸ್ ಬೀರುವಿಗೆ ಸೇರಿಸುತ್ತಾರೆ. ಕ್ಯಾಮೆರಾ ಕೆಟ್ಟದ್ದು ಅಂತಲ್ಲ. ಬೇಕಾದಾಗ ಅದು ಜೇಬಿನಲ್ಲಿ ಇರುವುದಿಲ್ಲ. ಇದ್ದರೂ ಸಿದ್ಧವಾಗಿರುವುದಿಲ್ಲ. ಮಗು ನಗುವ ಹೊತ್ತಿಗೆ ಬ್ಯಾಟರಿ ಖಾಲಿ, ಅಜ್ಜಿ ಹೂ ಕಟ್ಟುತ್ತಾ ಕೂತಾಗ ಕಾರ್ಡ್ ಭರ್ತಿ. ನನ್ನ ಮಟ್ಟಿಗೆ ಜೇಬಿನ ಕ್ಯಾಮೆರಾಕ್ಕೆ ಒಂದೇ ಅಳತೆ: ಜೇಬಿಗೆ ಕೈ ಹಾಕಿದ ಕ್ಷಣದಿಂದ ಕ್ಲಿಕ್ ಆಗುವ ತನಕ ಮೂರು ಸೆಕೆಂಡು. ಮುಂದೆ ಹೇಳುವುದೆಲ್ಲ ಆ ಮೂರು ಸೆಕೆಂಡಿಗಾಗಿಯೇ.

ನನ್ನ ಹತ್ತಿರ ಇರುವುದು ಸೋನಿ ಆರ್‌ಎಕ್ಸ್100, 2012ರ ಮೊದಲ ಮಾದರಿ. ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡದ್ದು. ಬ್ಯಾಟರಿ, ಕಾರ್ಡ್ ಸೇರಿ 240 ಗ್ರಾಂ. ಉದಾಹರಣೆಗಳನ್ನು ಅದರಿಂದಲೇ ಕೊಡುತ್ತೇನೆ. ನಿಮ್ಮದು ಬೇರೆ ಕಂಪನಿಯದ್ದಾದರೂ ಕೆಲಸ ಹೆಚ್ಚುಕಡಿಮೆ ಇದೇ.

ಯಾವುದನ್ನು ಕೊಳ್ಳಬೇಕು

ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟುಬಿಡಿ. ಸ್ಟುಡಿಯೋದಲ್ಲಿ ಹಾಕಿಸುವ 4×6 ಇಂಚಿನ ಪ್ರಿಂಟಿಗೆ ಬೇಕಾದದ್ದು 1200×1800 ಪಿಕ್ಸೆಲ್, ಅಂದರೆ ಸುಮಾರು 2 ಮೆಗಾಪಿಕ್ಸೆಲ್. 20 ಮೆಗಾಪಿಕ್ಸೆಲ್ ಇದ್ದರೆ ಗೋಡೆಗೆ ಹಾಕುವ 12×18 ಇಂಚಿನ ಪ್ರಿಂಟು ಆರಾಮಾಗಿ ಬರುತ್ತದೆ. ಅದಕ್ಕಿಂತ ಜಾಸ್ತಿ ನಮಗೆ ಯಾಕೆ ಬೇಕು?

ಕೇಳಬೇಕಾದ್ದು ಸೆನ್ಸರ್, ಅಂದರೆ ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಚಿಪ್, ಎಷ್ಟು ದೊಡ್ಡದು ಅಂತ. ಅಗ್ಗದ ಪುಟ್ಟ ಕ್ಯಾಮೆರಾಗಳ ಸೆನ್ಸರ್ ಸುಮಾರು 6.2×4.6 ಮಿಮೀ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಒಂದು ಇಂಚಿನ ಸೆನ್ಸರ್ ಅನ್ನುವುದು 13.2×8.8 ಮಿಮೀ. ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು. (ಇದರಲ್ಲಿ ನಿಜವಾದ ಒಂದು ಇಂಚು ಎಲ್ಲೂ ಇಲ್ಲ. ಹಳೆಯ ವಿಡಿಯೋ ಕ್ಯಾಮೆರಾಗಳ ಟ್ಯೂಬಿನ ಕಾಲದಿಂದ ಉಳಿದುಬಂದ ಹೆಸರು ಅದು.) ಬೆಳಕು ಕಡಿಮೆ ಇದ್ದಾಗ ಈ ನಾಲ್ಕು ಪಟ್ಟು ಕಣ್ಣಿಗೆ ಕಾಣುತ್ತದೆ. ಮನೆಯೊಳಗೆ, ದೇವಸ್ಥಾನದಲ್ಲಿ, ಮದುವೆ ಛತ್ರದಲ್ಲಿ ನಾವು ತೆಗೆಯುವುದು ಅಂಥ ಬೆಳಕಿನಲ್ಲೇ ಅಲ್ವಾ?

ಮನೆ, ಮಕ್ಕಳು, ಪ್ರವಾಸ ಎಲ್ಲಕ್ಕೂ ಒಂದೇ ಕ್ಯಾಮೆರಾ ಸಾಕು ಅನ್ನುವವರಿಗೆ ಒಂದು ಇಂಚಿನದ್ದೇ ಸರಿ. ಸೋನಿ ಆರ್‌ಎಕ್ಸ್100 ಸಾಲಿನವು, 2014ರಿಂದ ಬಂದ ಕ್ಯಾನನ್ ಜಿ7 ಎಕ್ಸ್ ಸಾಲಿನವು ಈ ಜಾತಿಯವು. ಬೀದಿಯಲ್ಲಿ ಓಡಾಡುತ್ತಾ ತೆಗೆಯುವವರು ರಿಕೋ ಜಿಆರ್ 3 ನೋಡಬಹುದು. 2019ರದ್ದು. ಸೆನ್ಸರ್ ಇನ್ನೂ ದೊಡ್ಡದು, ಆದರೆ ಝೂಮ್ ಇಲ್ಲ, ಒಳಗೆ ಫ್ಲ್ಯಾಶೂ ಇಲ್ಲ. ತೋಟ, ಹೊಳೆ, ಮಳೆ ಅಂತ ಓಡಾಡುವವರಿಗೆ ಒಲಿಂಪಸ್ ಟಿಜಿ-6 ಥರದ್ದು ಒಳ್ಳೆಯದು. 15 ಮೀಟರ್ ಆಳದ ನೀರಿಗೂ ಅದು ಜಗ್ಗುವುದಿಲ್ಲ. ಸೆನ್ಸರ್ ಮಾತ್ರ ಚಿಕ್ಕದು. ಹಾಗಂತ ಬೀರುವಿನಲ್ಲಿ ಸಿಕ್ಕ ಹಳೆಯ ಕ್ಯಾಮೆರಾವನ್ನು ಕಡೆಗಣಿಸಬೇಡಿ. ಹಗಲು ಬೆಳಕಿನಲ್ಲಿ ಅದೂ ಚೆಂದದ ಫೋಟೋ ಕೊಡುತ್ತದೆ. ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ಹೀಗೆ ನೋಡಿ

ನಾನು ಮೊದಲು ಕೊಂಡ ಹಳೆಯ ಕ್ಯಾಮೆರಾ ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಮನೆಗೆ ತಂದು ಕಿಟಕಿಯ ಹತ್ತಿರ ಹಿಡಿದಾಗ ಲೆನ್ಸಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಂಡವು. ಬೂಷ್ಟು. ಅಷ್ಟು ಚಿಕ್ಕ ಲೆನ್ಸು ಬಿಚ್ಚಿ ತೊಳೆಯುವ ಖರ್ಚಿಗೆ ಇನ್ನೊಂದು ಕ್ಯಾಮೆರಾ ಬರುತ್ತಿತ್ತು. ಅಂದಿನಿಂದ ನೋಡಲು ಹೋಗುವಾಗ ನನ್ನದೇ ಒಂದು ಮೆಮೊರಿ ಕಾರ್ಡ್ ಒಯ್ಯುತ್ತೇನೆ. ಫೋನಿನ ಟಾರ್ಚ್ ಹೇಗೂ ಇರುತ್ತದೆ.

ಮೊದಲು ಐದಾರು ಸಲ ಆನ್, ಆಫ್ ಮಾಡಿ. ಕಣ್ಣು ಮುಚ್ಚಿ ಕೇಳಿ. ಲೆನ್ಸ್ ಒಂದೇ ಸಮನೆ ಸುಯ್ ಅಂತ ಬರಬೇಕು. ಕರಕರ ಅಂದರೆ ಅಥವಾ ಮಧ್ಯೆ ತಡೆದು ಬಂದರೆ ಹಲ್ಲುಚಕ್ರ ಸವೆದಿದೆ, ಇಲ್ಲವೇ ಮರಳು ಹೊಕ್ಕಿದೆ. ಅಂಥದ್ದು ಬೇಡ. ಆಮೇಲೆ ಲೆನ್ಸ್ ಹೊರಗಿರುವಾಗ ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟು ಒಳಗೆ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಎಳೆಎಳೆಯಾಗಿ ಹಬ್ಬಿದ್ದರೆ ನಮಸ್ಕಾರ ಹೇಳಿ ಎದ್ದುಬನ್ನಿ.

ಮೂರನೆಯದಾಗಿ ಲೆನ್ಸಿನ ದ್ವಾರ ಆದಷ್ಟು ಕಿರಿದು ಮಾಡಿ (ಎಫ್ ಸಂಖ್ಯೆ ದೊಡ್ಡದಾದಷ್ಟೂ ದ್ವಾರ ಕಿರಿದು), ಎಫ್/8 ಅಥವಾ ಎಫ್/11ರಲ್ಲಿ, ಖಾಲಿ ಆಕಾಶದ ಒಂದು ಫೋಟೋ ತೆಗೆಯಿರಿ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಮೂಲೆಮೂಲೆ ನೋಡಿ. ಬೂದು ಚುಕ್ಕೆಗಳಿದ್ದರೆ ಸೆನ್ಸರ್ ಮೇಲೆ ಧೂಳು ಕೂತಿದೆ. ಇಂಥ ಕ್ಯಾಮೆರಾಗಳಲ್ಲಿ ಲೆನ್ಸ್ ಬಿಚ್ಚಲು ಬರುವುದಿಲ್ಲವಾದ್ದರಿಂದ ಅದನ್ನು ನಾವೇ ಒರೆಸುವಂತಿಲ್ಲ. ನಂತರ ಗೋಡೆಗೆ ದಿನಪತ್ರಿಕೆ ಅಂಟಿಸಿ ನೇರ ಎದುರಿನಿಂದ ತೆಗೆಯಿರಿ. ನಾಲ್ಕೂ ಮೂಲೆಯ ಅಕ್ಷರಗಳು ಒಂದೇ ಸಮ ಓದಲು ಬರಬೇಕು. ಒಂದು ಮೂಲೆ ಮಾತ್ರ ಮಸುಕಾದರೆ ಕ್ಯಾಮೆರಾ ಎಲ್ಲೋ ಬಿದ್ದಿದೆ ಅಂತಲೇ ಲೆಕ್ಕ.

ಕೊನೆಗೆ ಬ್ಯಾಟರಿ ಹೊರತೆಗೆಯಿರಿ. ಸಲೀಸಾಗಿ ಬರಬೇಕು. ಹೊಟ್ಟೆ ಉಬ್ಬಿದ್ದರೆ ಅದನ್ನು ಬಳಸಲೇಬೇಡಿ. ಅದರ ಮೇಲಿನ ನಂಬರ್ ನೋಡಿಕೊಂಡು, ಆ ಬ್ಯಾಟರಿ ಈಗಲೂ ಸಿಗುತ್ತದೆಯೇ ಅಂತ ಅಲ್ಲೇ ಫೋನಿನಲ್ಲಿ ಹುಡುಕಿ. ಬ್ಯಾಟರಿ ಸಿಗದ ಕ್ಯಾಮೆರಾ ಎಷ್ಟು ಅಗ್ಗವಾದರೂ ದುಬಾರಿಯೇ.

ಮೊದಲ ಸಂಜೆಯ ಕೆಲಸ

ಕ್ಯಾಮೆರಾ ಮನೆಗೆ ಬಂದ ದಿನ ಒಂದು ಗಂಟೆ ಮೆನು ಮುಂದೆ ಕೂರಿ. ಈ ಒಂದು ಗಂಟೆ ಮುಂದಿನ ವರ್ಷಗಳ ಮೂರು ಸೆಕೆಂಡುಗಳನ್ನು ಉಳಿಸುತ್ತದೆ.

ದಿನಾಂಕ, ಸಮಯ ಸರಿಮಾಡಿ. ಇದನ್ನು ಬಿಟ್ಟರೆ ಹತ್ತು ವರ್ಷದ ಮೇಲೆ ಮಗುವಿನ ಮೊದಲ ಹೆಜ್ಜೆ ಯಾವ ತಿಂಗಳು ಅಂತ ಫೋಟೋ ಹೇಳುವುದಿಲ್ಲ. ಆದರೆ ಫೋಟೋದ ಮೂಲೆಯಲ್ಲೇ ಕಿತ್ತಳೆ ಬಣ್ಣದಲ್ಲಿ ದಿನಾಂಕ ಅಚ್ಚು ಹಾಕುವ ಸೆಟ್ಟಿಂಗ್ ಆಫ್ ಮಾಡಿ. ದಿನಾಂಕ ಫೈಲಿನ ಒಳಗೆ ತಾನೇ ಉಳಿಯುತ್ತದೆ. ಮೇಲೆ ಅಚ್ಚಾದದ್ದು ಮಾತ್ರ ಸಲೀಸಾಗಿ ಅಳಿಸಿ ಹೋಗುವುದಿಲ್ಲ.

ಬೀಪ್ ಸದ್ದು ಆಫ್. ಫೋಕಸ್ ಮಾಡುವಾಗ ಮುಂದೆ ಹೊತ್ತಿಕೊಳ್ಳುವ ಕಿತ್ತಳೆ ದೀಪವೂ ಆಫ್. ಮಲಗಿದ ಮಗುವಿನ ಮುಖಕ್ಕೆ, ವೇದಿಕೆಯ ಮೇಲಿನ ಕಲಾವಿದರ ಕಣ್ಣಿಗೆ ಆ ದೀಪ ಹೊಡೆಯುವುದು ತೀರಾ ಕಿರಿಕಿರಿ. ಡಿಜಿಟಲ್ ಝೂಮ್ ಆಫ್. ಅದು ಝೂಮೇ ಅಲ್ಲ, ಫೋಟೋದ ನಡುಭಾಗ ಕತ್ತರಿಸಿ ಹಿಗ್ಗಿಸುವುದು. ಅದನ್ನು ಮನೆಗೆ ಬಂದು ನಾವೇ ಮಾಡಬಹುದು. ಮುಖ ಗುರುತಿಸುವ ಸೆಟ್ಟಿಂಗ್, ಕೈ ನಡುಕ ತಡೆಯುವ ಸೆಟ್ಟಿಂಗ್ ಎರಡೂ ಆನ್. ಜೆಪೆಗ್ ಗುಣಮಟ್ಟ ಇರುವುದರಲ್ಲೇ ಹೆಚ್ಚಿನದು. ಕಂಪ್ಯೂಟರಿನಲ್ಲಿ ಕೂತು ತಿದ್ದುವ ಆಸೆ ಇದ್ದರೆ ರಾ ಫೈಲನ್ನೂ, ಅಂದರೆ ಕ್ಯಾಮೆರಾ ತಿದ್ದದೆ ಕೊಡುವ ಕಚ್ಚಾ ಫೈಲನ್ನೂ, ಜೊತೆಗೆ ಇಟ್ಟುಕೊಳ್ಳಿ. ನನ್ನದರಲ್ಲಿ ಒಂದು ರಾ ಫೈಲ್ ಸುಮಾರು 20 ಎಂಬಿ ಆಗುತ್ತದೆ, ಕಾರ್ಡ್ ಆ ಲೆಕ್ಕದಲ್ಲಿ ಕೊಳ್ಳಿ.

ಐಎಸ್‌ಒ ಆಟೋದಲ್ಲಿಡಿ. ಮೇಲಿನ ಮಿತಿ ಕಟ್ಟಲು ಬಂದರೆ ಕಟ್ಟಿ. ಐಎಸ್‌ಒ ಅಂದರೆ ಕಡಿಮೆ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಳತೆ. ಹಿಗ್ಗಿಸಿದಷ್ಟೂ ಫೋಟೋದಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು ಕಾಣುತ್ತದೆ. ಒಂದು ಇಂಚಿನ ಸೆನ್ಸರ್ ಆದರೆ 3200ರ ತನಕ ಸಹಿಸಬಹುದು. ಚಿಕ್ಕ ಸೆನ್ಸರ್ ಆದರೆ 800ಕ್ಕೆ ನಿಲ್ಲಿಸಿ.

ಇಷ್ಟಾದ ಮೇಲೆ ಕಾರ್ಡನ್ನು ಕ್ಯಾಮೆರಾದ ಒಳಗೇ ಫಾರ್ಮ್ಯಾಟ್ ಮಾಡಿ. ಒಂದು ಬಿಳಿ ಹಾಳೆಯ ಮೇಲೆ ‘ಈ ಕ್ಯಾಮೆರಾ ಸಿಕ್ಕವರು ದಯವಿಟ್ಟು ಫೋನ್ ಮಾಡಿ’ ಅಂತ ದಪ್ಪಕ್ಷರದಲ್ಲಿ ಬರೆದು, ನಂಬರ್ ಹಾಕಿ, ಅದರದ್ದೇ ಮೊದಲ ಫೋಟೋ ತೆಗೆಯಿರಿ. ಅಳಿಸದಂತೆ ಲಾಕ್ ಮಾಡಿ. ಫಾರ್ಮ್ಯಾಟ್ ಮಾಡಿದಾಗ ಲಾಕ್ ಮಾಡಿದ್ದೂ ಹೋಗುತ್ತದೆ. ಹಾಗಾಗಿ ಆ ಹಾಳೆಯನ್ನು ಬ್ಯಾಗಿನಲ್ಲೇ ಮಡಿಚಿಡಿ, ಮತ್ತೆ ತೆಗೆಯಬಹುದು.

ಹಿಡಿಯುವುದು, ಅರ್ಧ ಒತ್ತುವುದು

ಕೈಗೆ ಹಾಕುವ ದಾರ ಕಟ್ಟದೆ ಮನೆಯಿಂದ ಹೊರಗೆ ಒಯ್ಯಬೇಡಿ. ಈ ಕ್ಯಾಮೆರಾಗಳ ಮೈ ಸೋಪಿನ ತುಂಡಿನಷ್ಟು ನುಣುಪು. ಮೊದಲು ದಾರ ಮಣಿಕಟ್ಟಿಗೆ, ಆಮೇಲೆ ಕ್ಯಾಮೆರಾ ಜೇಬಿನಿಂದ ಹೊರಗೆ. ಈ ಕ್ರಮ ಕೈಗೆ ರೂಢಿಯಾಗಬೇಕು.

ಫೋನ್ ಹಿಡಿದಂತೆ ತೋಳು ಚಾಚಿ ಹಿಡಿಯಬೇಡಿ. ಮೊಣಕೈ ಎರಡೂ ಪಕ್ಕೆಗೆ ಒತ್ತಿಕೊಳ್ಳಲಿ. ದಾರವನ್ನು ಸ್ವಲ್ಪ ಬಿಗಿ ಎಳೆದು ಹಿಡಿದರೆ ಕೈ ಇನ್ನೂ ಗಟ್ಟಿಯಾಗುತ್ತದೆ. ಎಡಗೈ ಕೆಳಗಿನಿಂದ ಲೆನ್ಸಿನ ಸುತ್ತ ಬರಲಿ. ನನ್ನ ಕ್ಯಾಮೆರಾದಲ್ಲಿ ಫ್ಲ್ಯಾಶ್ ಎಡಗಡೆಯ ಮೇಲ್ಭಾಗದಿಂದ ಎದ್ದುಬರುತ್ತದೆ. ಅಲ್ಲಿ ಬೆರಳಿಟ್ಟರೆ ಅದು ಏಳುವುದೇ ಇಲ್ಲ.

ಇನ್ನು ಶಟರ್ ಬಟನ್. ಫೋನಿನಿಂದ ಬಂದವರಿಗೆ ಇದೊಂದೇ ಪೂರ್ತಿ ಹೊಸದು. ಬಟನ್‌ಗೆ ಎರಡು ಮೆಟ್ಟಿಲು. ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಫೋಟೋ. ಒಂದೇ ಏಟಿಗೆ ಕುಟ್ಟಿದರೆ ಫೋಕಸ್ ಹುಡುಕುವ ಹೊತ್ತಿಗೆ ಮಗು ಓಡಿಹೋಗಿರುತ್ತದೆ. ಆಮೇಲೆ ಕ್ಯಾಮೆರಾ ನಿಧಾನ ಅಂತ ದೂರುತ್ತೇವೆ. ಮಗು ಉಯ್ಯಾಲೆಯಲ್ಲಿದೆ ಅನ್ನಿ. ಉಯ್ಯಾಲೆ ನಿಮ್ಮ ಹತ್ತಿರ ಬರುವ ಜಾಗಕ್ಕೆ ಮೊದಲೇ ಅರ್ಧ ಒತ್ತಿ ಕಾಯಿರಿ. ಮಗು ಅಲ್ಲಿಗೆ ಬಂದ ಕ್ಷಣ ಉಳಿದರ್ಧ ಒತ್ತಿ. ಮನೆಯಲ್ಲಿ ನಲ್ಲಿಯಿಂದ ತೊಟ್ಟಿಕ್ಕುವ ಹನಿ ಹಿಡಿಯುತ್ತಾ ಒಂದು ಸಂಜೆ ಅಭ್ಯಾಸ ಮಾಡಿದರೆ ಬೆರಳಿಗೆ ಬಂದುಬಿಡುತ್ತದೆ.

ಡಯಲ್‌ನಲ್ಲಿ ಎ, ಹೆಬ್ಬೆರಳಲ್ಲಿ ಪ್ಲಸ್ ಮೈನಸ್

ಮೊದಲ ವಾರ ಆಟೋದಲ್ಲೇ ತೆಗೆಯಿರಿ, ತಪ್ಪೇನಿಲ್ಲ. ಎರಡನೇ ವಾರ ಡಯಲನ್ನು ‘ಪಿ’ಗೆ ತಿರುಗಿಸಿ. ಅದೂ ಆಟೋ ಥರವೇ, ಆದರೆ ಫ್ಲ್ಯಾಶ್, ಐಎಸ್‌ಒ, ಬೆಳಕು ನಿಮ್ಮ ಮಾತು ಕೇಳುತ್ತವೆ. ಕೈ ಪಳಗಿದ ಮೇಲೆ ‘ಎ’. ಇಲ್ಲಿ ಲೆನ್ಸಿನ ದ್ವಾರ ಎಷ್ಟು ತೆರೆಯಬೇಕು ಅಂತ ನೀವು ಹೇಳುತ್ತೀರಿ, ಉಳಿದದ್ದು ಅದು ನೋಡಿಕೊಳ್ಳುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ದ್ವಾರ ದೊಡ್ಡದು, ಬೆಳಕು ಜಾಸ್ತಿ. ನನ್ನದು ಹಗಲು ಹೊರಗಡೆ ಯಾವಾಗಲೂ ಎಫ್/4ರಲ್ಲಿ ಇರುತ್ತದೆ, ಒಳಗೆ ಹೋದರೆ ಎಫ್/1.8. ಎಫ್/8ರಿಂದ ಆಚೆ ಹೋಗಬೇಡಿ. ಪುಟ್ಟ ಸೆನ್ಸರಿನಲ್ಲಿ ಅಷ್ಟು ಕಿರಿದು ಮಾಡಿದರೆ ಬೆಳಕು ಅಂಚಿನಲ್ಲಿ ಚದುರಿ ಇಡೀ ಫೋಟೋ ಮೆತ್ತಗಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ವಿದ್ಯೆ ಬೇರೆ. ಪ್ಲಸ್ ಮೈನಸ್ ಗುರುತಿನ ಬಟನ್. ಕ್ಯಾಮೆರಾಕ್ಕೆ ಎದುರಿಗಿರುವುದು ಬಿಳಿಯೋ ಕಪ್ಪೋ ಗೊತ್ತಿಲ್ಲ. ಎಲ್ಲವೂ ನಡುಮಟ್ಟದ ಬೂದು ಅಂದುಕೊಂಡು ಬೆಳಕು ಅಳೆಯುತ್ತದೆ. ಆದ್ದರಿಂದ ಬಿಳಿ ಪಂಚೆ, ಬಿಳಿ ಅಂಗಿಯ ಅಜ್ಜ ಸುಣ್ಣದ ಗೋಡೆಯ ಮುಂದೆ ಕೂತರೆ ಫೋಟೋದಲ್ಲಿ ಎಲ್ಲ ಮಾಸಿದಂತೆ ಬರುತ್ತದೆ. ಪ್ಲಸ್ 0.7 ಅಥವಾ 1 ಹಾಕಿ, ಪಂಚೆ ಬಿಳಿಯಾಗುತ್ತದೆ. ಕರಿ ಕಲ್ಲಿನ ಮೂರ್ತಿ, ಕರಿ ಎಮ್ಮೆ, ರಾತ್ರಿಯ ವೇದಿಕೆ ಆದರೆ ಮೈನಸ್ 1. ಲೆನ್ಸಿನ ಸುತ್ತ ತಿರುಗುವ ಬಳೆ ಇದ್ದರೆ, ಅದಕ್ಕೆ ಈ ಕೆಲಸ ವಹಿಸಿಬಿಡಿ. ನನ್ನದರಲ್ಲಿ ಹಾಗೇ ಮಾಡಿದ್ದೇನೆ. ಎಡಗೈ ಹೇಗೂ ಅಲ್ಲೇ ಇರುತ್ತದೆ. ಮೆನುವಿಗೆ ಹೋಗುವ ಮಾತೇ ಇಲ್ಲ.

ಇಷ್ಟವಾದ ಸೆಟ್ಟಿಂಗ್‌ಗಳನ್ನು ನೆನಪಿಟ್ಟುಕೊಳ್ಳುವ ಜಾಗ ಡಯಲ್ ಮೇಲೆ ಇರಬಹುದು. ಸೋನಿಯಲ್ಲಿ ‘ಎಂಆರ್’, ಕ್ಯಾನನ್‌ನಲ್ಲಿ ‘ಸಿ’. ನಿಮ್ಮ ಮನೆಯೊಳಗಿನ ಬೆಳಕಿಗೆ ಸರಿಹೋಗುವ ಸೆಟ್ಟಿಂಗನ್ನು ಅಲ್ಲಿ ಕೂರಿಸಿ. ಒಂದು ತಿರುವು, ಅಷ್ಟೇ.

ಕತ್ತಲಲ್ಲಿ

ಪೆಟ್ಟಿಗೆಯ ಮೇಲೆ ಎಫ್/1.8 ಅಂತ ದೊಡ್ಡದಾಗಿ ಬರೆದಿರುತ್ತದೆ. ಪಕ್ಕದಲ್ಲೇ ಇರುವ 4.9 ಅನ್ನು ನಾವು ಓದುವುದಿಲ್ಲ. ನನ್ನ ಕ್ಯಾಮೆರಾದಲ್ಲಿ ಝೂಮ್ ಮಾಡದೆ ಇದ್ದಾಗ ಎಫ್/1.8, ಪೂರ್ತಿ ಝೂಮ್ ಮಾಡಿದಾಗ ಎಫ್/4.9. ಲೆಕ್ಕ ಹಾಕಿದರೆ ಒಳಬರುವ ಬೆಳಕು ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಕತ್ತಲಲ್ಲಿ ಝೂಮ್ ಮುಟ್ಟಬೇಡಿ. ನಾಲ್ಕು ಹೆಜ್ಜೆ ಮುಂದೆ ಹೋಗಿ.

ಬೇಲೂರಿನ ಚೆನ್ನಕೇಶವ ದೇವಸ್ಥಾನವನ್ನೇ ತೆಗೆದುಕೊಳ್ಳಿ. 1117ರದ್ದು. ಹೊರಗಿನ ಬಿಸಿಲಿನಿಂದ ಒಳಗಿನ ಮಂಟಪಕ್ಕೆ, ಅಂದರೆ ನವರಂಗಕ್ಕೆ, ಕಾಲಿಟ್ಟರೆ ಕಣ್ಣಿಗೇ ಒಂದು ನಿಮಿಷ ಬೇಕು. ನಡುವೆ ನಿಂತು ತಲೆ ಎತ್ತಿದರೆ ಭುವನೇಶ್ವರಿ, ಗುಮ್ಮಟದಂತೆ ಕಡೆದ ಚಾವಣಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. ಜೇಬಿನ ಕ್ಯಾಮೆರಾಕ್ಕೆ ಟ್ರೈಪಾಡ್ ಯಾಕೆ? ಕರವಸ್ತ್ರ ಮಡಿಸಿ ನೆಲದ ಮೇಲೆ ಹಾಸಿ. ಕ್ಯಾಮೆರಾವನ್ನು ಅದರ ಮೇಲೆ ಅಂಗಾತ ಮಲಗಿಸಿ, ಲೆನ್ಸ್ ಮೇಲೆ ನೋಡುತ್ತಿರಲಿ. ಕರವಸ್ತ್ರ ಇಲ್ಲದಿದ್ದರೆ ಸ್ಕ್ರೀನಿಗೆ ಕಲ್ಲಿನ ಗೀರು ಬೀಳುತ್ತದೆ. ‘ಎ’ಯಲ್ಲಿ ಎಫ್/4, ಐಎಸ್‌ಒ 200, ಫ್ಲ್ಯಾಶ್ ಆಫ್, ಎರಡು ಸೆಕೆಂಡಿನ ಟೈಮರ್. ಬಟನ್ ಒತ್ತಿ ಕೈ ತೆಗೆದು ಹಿಂದೆ ಸರಿಯಿರಿ. ಬೆಳಕು ಒಳಗೆ ಬಿಡುವ ಬಾಗಿಲು, ಅಂದರೆ ಶಟರ್, ಒಂದೆರಡು ಸೆಕೆಂಡು ತೆರೆದೇ ಇದ್ದರೂ ನೆಲ ಅಲುಗಾಡುವುದಿಲ್ಲವಲ್ಲ. ಸ್ಕ್ರೀನಿನಲ್ಲಿ ಮೂಡಿದ್ದು ನೋಡಿ, ಬರಿಗಣ್ಣಿಗೆ ಕಾಣದ ಕೆತ್ತನೆಯೂ ಅದರಲ್ಲಿ ಕಾಣುತ್ತದೆ. ಜನ ಕಡಿಮೆ ಇರುವ ಬೆಳಗಿನ ಹೊತ್ತು ಹೋಗಿ, ಪೂಜೆಗೆ ಅಡ್ಡಿಯಾಗದಂತೆ ನೋಡಿಕೊಳ್ಳಿ. ಗರ್ಭಗುಡಿಯ ಕಡೆ ಕ್ಯಾಮೆರಾ ಎತ್ತಬೇಡಿ.

ಯಕ್ಷಗಾನ ಬೇರೆ ಥರದ ಪರೀಕ್ಷೆ. ಅಲ್ಲಿ ಕತ್ತಲು ಸುತ್ತ, ಬೆಳಕು ಮುಖದ ಮೇಲೆ. ಕ್ಯಾಮೆರಾ ಕತ್ತಲನ್ನು ನೋಡಿ ಮೋಸಹೋಗಿ ಬೆಳಕು ಜಾಸ್ತಿ ಎಳೆದುಕೊಳ್ಳುತ್ತದೆ. ಮುಖದ ಬಣ್ಣವೆಲ್ಲ ಬಿಳಿಚಿಕೊಳ್ಳುತ್ತದೆ. ಮೈನಸ್ 1 ಹಾಕಿ. ಡಯಲನ್ನು ‘ಎಸ್’ಗೆ ತಿರುಗಿಸಿ, ಶಟರ್ ವೇಗ 1/250 ಇಡಿ. ಅಷ್ಟಿದ್ದರೂ ದಿಗಿಣ ಹಾರುವಾಗ ಕೈಕಾಲು ತೇಲಿದಂತೆ ಬರಬಹುದು. ದಿಗಿಣ ಮುಗಿದು ವೇಷಧಾರಿ ನಿಲ್ಲುವ ಒಂದು ಕ್ಷಣ ಇದೆ. ಚೆಂಡೆ ಕೇಳುತ್ತಾ ಇದ್ದರೆ ಅದು ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಆ ಕ್ಷಣಕ್ಕೆ ಅರ್ಧ ಒತ್ತಿಕೊಂಡು ಕಾಯಿರಿ. ಫ್ಲ್ಯಾಶ್ ಮಾತ್ರ ಯಾವ ಕಾರಣಕ್ಕೂ ಬೇಡ.

ಆಟಕ್ಕೆ ಮುಂಚೆ ಚೌಕಿಗೆ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗಕ್ಕೆ, ಹೋಗಿ ನೋಡಿ. ನನಗೆ ವೇದಿಕೆಗಿಂತ ಚೌಕಿಯ ಫೋಟೋಗಳೇ ಇಷ್ಟ. ಒಂದು ಸಲ ಬಾಗಿಲಲ್ಲಿ ನಿಂತು, “ಯಜಮಾನ್ರೇ, ಒಂದೆರಡು ಫೋಟೋ ತೆಗೀಬಹುದಾ?” ಅಂದೆ. ಹುಬ್ಬು ತೀಡುತ್ತಿದ್ದ ಹಿರಿಯ ಕಲಾವಿದರು ಕನ್ನಡಿಯಿಂದ ಕಣ್ಣು ತೆಗೆಯದೆ, “ತೆಗೀರಿ, ದೀಪಕ್ಕೆ ಅಡ್ಡ ನಿಲ್ಲಬೇಡಿ” ಅಂದರು. ಅಷ್ಟೇ. ಆ ಚಿಕ್ಕ ಕ್ಯಾಮೆರಾ ಕಂಡು ಯಾರೂ ಸೆಟೆದು ಕೂರಲಿಲ್ಲ. ಒಂದೇ ದೀಪ, ಅರ್ಧ ಬಣ್ಣ ಹಚ್ಚಿದ ಮುಖ, ಕನ್ನಡಿಯಲ್ಲಿ ಇನ್ನರ್ಧ. ದೊಡ್ಡ ಕ್ಯಾಮೆರಾ ಎತ್ತಿದ್ದರೆ ಆ ಫೋಟೋ ನನಗೆ ಸಿಗುತ್ತಿರಲಿಲ್ಲ.

ಫ್ಲ್ಯಾಶ್ ಬಿಸಿಲಿಗೆ

ಹೆಚ್ಚಿನವರು ಫ್ಲ್ಯಾಶನ್ನು ರಾತ್ರಿ ಬಳಸುತ್ತಾರೆ, ಹಗಲು ಮರೆಯುತ್ತಾರೆ. ನಾನು ಹೇಳುವುದು ಉಲ್ಟಾ. ನಡುಮಧ್ಯಾಹ್ನ ಹೊಲದಲ್ಲಿ ಟವೆಲ್ ಸುತ್ತಿದ ಅಪ್ಪನ ಫೋಟೋ ತೆಗೆಯುತ್ತೀರಿ. ಕಣ್ಣಿನ ಗುಂಡಿ ಕಪ್ಪು, ಮೂಗಿನ ಕೆಳಗೆ ಕಪ್ಪು. ಫ್ಲ್ಯಾಶನ್ನು ಆಟೋದಿಂದ ತೆಗೆದು, ಪ್ರತಿ ಸಲ ಬೆಳಗುವಂತೆ ಇಡಿ. ನಾಲ್ಕೈದು ಅಡಿ ದೂರದಿಂದ ತೆಗೆಯಿರಿ. ನೆರಳು ತುಂಬಿ ಕಣ್ಣು ಕಾಣುತ್ತದೆ. ಇಲ್ಲಿ ಜೇಬಿನ ಕ್ಯಾಮೆರಾಕ್ಕೆ ಒಂದು ಹೆಚ್ಚುಗಾರಿಕೆ ಇದೆ. ಇಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಶಟರ್ ಲೆನ್ಸಿನ ಒಳಗೇ ಇರುತ್ತದೆ. ಹಾಗಾಗಿ ಬಿಸಿಲಿಗೆ ಬೇಕಾದ 1/1000ದಂಥ ವೇಗದಲ್ಲೂ ಫ್ಲ್ಯಾಶ್ ಕೆಲಸ ಮಾಡುತ್ತದೆ. ದೊಡ್ಡ ಎಸ್‌ಎಲ್‌ಆರ್ ಕ್ಯಾಮೆರಾಗಳ ಫ್ಲ್ಯಾಶ್ ಸಾಮಾನ್ಯವಾಗಿ 1/200ರ ಹತ್ತಿರ ನಿಂತುಬಿಡುತ್ತದೆ.

ರಾತ್ರಿ ಮನೆಯೊಳಗೆ ಬೇಕೇ ಬೇಕು ಅಂದರೆ ಇನ್ನೊಂದು ದಾರಿ. ಆರ್‌ಎಕ್ಸ್100ರ ಫ್ಲ್ಯಾಶ್ ಸಣ್ಣ ತೋಳಿನ ಮೇಲೆ ಎದ್ದಿರುತ್ತದೆ. ತೋರುಬೆರಳಿನಿಂದ ಅದನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ ಹಿಡಿದುಕೊಂಡರೆ ಬೆಳಕು ಚಾವಣಿಗೆ ಹೊಡೆದು, ಅಲ್ಲಿಂದ ಹರಡಿ ಕೆಳಗೆ ಬರುತ್ತದೆ. ಚಾವಣಿಗೆ ಬಿಳಿ ಬಣ್ಣ ಇರಬೇಕು, ಎತ್ತರ ಜಾಸ್ತಿ ಇರಬಾರದು. ಹೆಂಚಿನ ಮನೆಯಲ್ಲಿ ಇದು ನಡೆಯುವುದಿಲ್ಲ. ಫ್ಲ್ಯಾಶ್ ಬಾಗದ ಕ್ಯಾಮೆರಾಗಳಲ್ಲಿ ಬಲವಂತ ಮಾಡಬೇಡಿ, ಮುರಿಯುತ್ತದೆ.

ಹಿನ್ನೆಲೆ ಮಸುಕಾಗಬೇಕು ಅನ್ನುವವರಿಗೆ ಒಂದೇ ಮಾತು: ಹತ್ತಿರ ಹೋಗಿ. ನನ್ನದು ಝೂಮ್ ಇಲ್ಲದೆ 5 ಸೆಂಮೀ ತನಕ ಫೋಕಸ್ ಮಾಡುತ್ತದೆ. ಎಫ್/1.8ರಲ್ಲಿ ಒಂದು ಮಲ್ಲಿಗೆ ಮೊಗ್ಗಿನ ಮುಂದೆ ಹಿಡಿದರೆ ಹಿಂದಿನ ಅಂಗಳವೆಲ್ಲ ಕರಗಿಹೋಗುತ್ತದೆ. ಆದರೆ ಜನರ ಮುಖವನ್ನು ಅಷ್ಟು ಹತ್ತಿರದಿಂದ ತೆಗೆಯಬೇಡಿ, ಮೂಗು ದೊಡ್ಡದಾಗಿ ಬರುತ್ತದೆ. ಮುಖಕ್ಕೆ ಪೂರ್ತಿ ಝೂಮ್ ಮಾಡಿ, ಐದಾರು ಅಡಿ ಹಿಂದೆ ನಿಲ್ಲಿ. ಹೊರಗಿನ ಬೆಳಕಿನಲ್ಲಿ ಎಫ್/4.9 ತೊಂದರೆ ಕೊಡುವುದಿಲ್ಲ.

ಬ್ಯಾಟರಿ, ಕಾರ್ಡ್, ಫೋಟೋ ಇಳಿಸುವುದು

ಎರಡು ಬ್ಯಾಟರಿ ಇರಲಿ. ನನ್ನದರಲ್ಲಿ ಒಂದು ಬ್ಯಾಟರಿಗೆ ಕಂಪನಿ ಹೇಳಿದ್ದು 330 ಫೋಟೋ, ವಿಡಿಯೋ ತೆಗೆದರೆ ಅದರ ಅರ್ಧವೂ ಬರುವುದಿಲ್ಲ. ಹೆಚ್ಚಿನ ಬ್ಯಾಟರಿಯನ್ನು ಕೀಲಿಕೈ, ಚಿಲ್ಲರೆಯ ಜೊತೆ ಜೇಬಿಗೆ ಹಾಕಬೇಡಿ, ಶಾರ್ಟ್ ಆಗುತ್ತದೆ. ವಿಮಾನದಲ್ಲಿ ಹೋಗುವಾಗ ಅದು ಕೈಚೀಲದಲ್ಲೇ ಇರಬೇಕು. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಅರ್ಧ ಚಾರ್ಜ್ ಮಾಡಿ, ಹೊರಗೆ ತೆಗೆದಿಡಿ.

ಕಾರ್ಡ್ ಕೊಳ್ಳುವಾಗ ಕ್ಯಾಮೆರಾದ ವಯಸ್ಸು ನೋಡಿ. 2 ಜಿಬಿ ತನಕ ಬರೀ ಎಸ್‌ಡಿ, 4ರಿಂದ 32 ಜಿಬಿ ಎಸ್‌ಡಿಎಚ್‌ಸಿ, ಅದರ ಮೇಲೆ ಎಸ್‌ಡಿಎಕ್ಸ್‌ಸಿ. ಎಸ್‌ಡಿಎಚ್‌ಸಿ ಬಂದದ್ದು 2006ರಲ್ಲಿ. ಅದಕ್ಕಿಂತ ಹಳೆಯ ಕ್ಯಾಮೆರಾಗಳಿಗೆ 32 ಜಿಬಿ ಹಾಕಿದರೆ ಓದುವುದಿಲ್ಲ. ಕ್ಯಾಮೆರಾ ಕೆಟ್ಟಿದೆ ಅಂತ ಎಸೆಯುವ ಮುಂಚೆ ಒಂದು 2 ಜಿಬಿ ಕಾರ್ಡ್ ಹಾಕಿ ನೋಡಿ. ಕಾರ್ಡಿನ ಪಕ್ಕದ ಪುಟ್ಟ ಲಾಕ್ ಕೆಳಗೆ ಸರಿದಿದ್ದರೂ ಫೋಟೋ ಕೂರುವುದಿಲ್ಲ.

ಅತಿ ಅಗ್ಗದ ಕಾರ್ಡ್ ಬೇಡ. ನನಗೆ ಒಂದು ಸಂತೆಯಲ್ಲಿ ಸಿಕ್ಕ ಕಾರ್ಡಿನ ಮೇಲೆ 64 ಜಿಬಿ ಅಂತಿತ್ತು, ಒಳಗೆ ಅಷ್ಟು ಜಾಗವೇ ಇರಲಿಲ್ಲ. ತಂಗಿಯ ಸೀಮಂತದ ದಿನ ಕೊನೆಯ ಅರ್ಧ ಫೋಟೋಗಳು ತೆರೆಯಲೇ ಇಲ್ಲ. ಆ ಬಳೆ ತೊಡಿಸುವ ಹೊತ್ತು ಮತ್ತೆ ಬರುವುದಿಲ್ಲ. ಈಗ ಹೊಸ ಕಾರ್ಡ್ ತಂದರೆ ಕಂಪ್ಯೂಟರಿನಿಂದ ಅದರ ತುಂಬ ಫೈಲ್ ಹಾಕಿ, ವಾಪಸ್ ತೆಗೆದು, ಎಲ್ಲ ತೆರೆಯುತ್ತವೆಯೇ ಅಂತ ನೋಡಿಯೇ ಬಳಸುತ್ತೇನೆ.

ಫೋಟೋಗಳನ್ನು ಅದೇ ದಿನ ಇಳಿಸಿ. ಫೋನಿನ ಪಿನ್‌ಗೆ ಹೊಂದುವ ಸಣ್ಣ ಕಾರ್ಡ್ ರೀಡರ್ ಬ್ಯಾಗಿನಲ್ಲಿದ್ದರೆ ವೈಫೈ ಇಲ್ಲದ ಹಳೆಯ ಕ್ಯಾಮೆರಾದಿಂದಲೂ ಬಸ್ಸಿನಲ್ಲಿ ಕೂತೇ ಇಳಿಸಬಹುದು. ಮನೆಗೆ ಬಂದು ಕಂಪ್ಯೂಟರಿಗೆ ಒಂದು, ಹೊರಗಿನ ಹಾರ್ಡ್ ಡಿಸ್ಕಿಗೆ ಇನ್ನೊಂದು ಪ್ರತಿ. ಎರಡೂ ಕಡೆ ತೆರೆದು ನೋಡಿದ ಮೇಲೆ ಮಾತ್ರ ಕಾರ್ಡ್ ಫಾರ್ಮ್ಯಾಟ್. ರಾತ್ರಿ ಮಲಗುವ ಮುಂಚೆ ಕಾರ್ಡ್ ಖಾಲಿ, ಬ್ಯಾಟರಿ ಭರ್ತಿ, ಡಯಲ್ ಅದರ ಜಾಗದಲ್ಲಿ, ಪ್ಲಸ್ ಮೈನಸ್ ಸೊನ್ನೆಗೆ. ಹೀಗಿದ್ದರೆ ಬೆಳಿಗ್ಗೆ ಸುಮ್ನೆ ಜೇಬಿಗೆ ಹಾಕಿಕೊಂಡು ಹೊರಟರಾಯಿತು.

ಧೂಳು ಮತ್ತು ಮಳೆಗಾಲ

ಈ ಕ್ಯಾಮೆರಾಗಳ ಲೆನ್ಸ್ ಹೊರಗೆ ಬಂದು ಒಳಗೆ ಹೋಗುವಾಗ ಸೈಕಲ್ ಪಂಪಿನಂತೆ ಗಾಳಿ ಎಳೆಯುತ್ತದೆ. ಗಾಳಿಯ ಜೊತೆ ಜೇಬಿನ ನೂಲು, ಧೂಳು ಎರಡೂ ಹೋಗುತ್ತವೆ. ಆದ್ದರಿಂದ ತೆಳು ಚೀಲದಲ್ಲಿಟ್ಟು ಜೇಬಿಗೆ ಹಾಕಿ. ಚೀಲವನ್ನು ವಾರಕ್ಕೊಮ್ಮೆ ಒಳಹೊರಗು ಮಾಡಿ ಕೊಡವಿ. ಬಿಗಿ ಪ್ಯಾಂಟಿನ ಜೇಬು ಬೇಡವೇ ಬೇಡ. ಅಲ್ಲಿ ಕೂತಾಗ ಆನ್ ಬಟನ್ ಒತ್ತಿಹೋದರೆ ಲೆನ್ಸ್ ಹೊರಬರಲು ಒದ್ದಾಡಿ ಹಲ್ಲುಚಕ್ರ ಮುರಿದುಕೊಳ್ಳುತ್ತದೆ. ಸ್ಕ್ರೀನಿನಲ್ಲಿ ‘ಲೆನ್ಸ್ ಎರರ್’ ಬರುವುದು ಹೆಚ್ಚಾಗಿ ಹೀಗೆ. ಬಂದರೆ ಕೈಯಿಂದ ಎಳೆಯಬೇಡಿ. ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟು, ತುಂಬಿದ ಬ್ಯಾಟರಿ ಹಾಕಿ, ಲೆನ್ಸ್ ಕೆಳಮುಖವಾಗಿ ಹಿಡಿದು ಆನ್ ಮಾಡಿ ನೋಡಿ. ಅಂಚಿನಲ್ಲಿ ಮರಳು ಕಂಡರೆ ಮೊದಲು ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಿದರೆ ಎಂಜಲಿನ ಹನಿ ಹಾರುತ್ತದೆ.

ಮಲೆನಾಡು, ಕರಾವಳಿಯವರಿಗೆ ಧೂಳಿಗಿಂತ ಬೂಷ್ಟಿನ ಭಯ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ಮನೆಯಲ್ಲಿ ಲೆನ್ಸ್ ಹೇಗೆ ಒಣಗೀತು? ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಸುತ್ತಿ ಬೀರುವಿನಲ್ಲಿ ಇಡುವುದು ಬೂಷ್ಟಿಗೆ ಹಾಸಿಗೆ ಹಾಸಿಕೊಟ್ಟಂತೆ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಅದರೊಳಗೆ ಒಂದು ಹಿಡಿ ಸಿಲಿಕಾ ಜೆಲ್ ಅನ್ನು ತೆಳು ಬಟ್ಟೆಯಲ್ಲಿ ಕಟ್ಟಿಡಿ, ಬಣ್ಣ ಬದಲಾಗುವ ಜಾತಿಯದ್ದು. ತೇವ ತೋರಿಸುವ ಪುಟ್ಟ ಮೀಟರ್ ಸಿಕ್ಕರೆ ಅದನ್ನೂ ಒಳಗಿಡಿ. ಅಂಕಿ 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಬೂಷ್ಟಿಗೆ ದಾರಿಯಾಗುತ್ತದೆ. ಅಕ್ಕಿ ಡಬ್ಬದಲ್ಲಿ ಇಡುವ ಉಪಾಯ ಬೇಡ. ಅಕ್ಕಿಯ ಹಿಟ್ಟು ಲೆನ್ಸಿನ ಸಂದಿಗೆ ಸೇರುತ್ತದೆ.

ಮಳೆಯಲ್ಲಿ ಓಡಾಡಿ ಬಂದ ದಿನ ಮೊದಲು ಒಣ ಬಟ್ಟೆಯಿಂದ ಮೈ ಒರೆಸಿ. ಬ್ಯಾಟರಿ, ಕಾರ್ಡ್ ತೆಗೆದು, ಅವುಗಳ ಬಾಗಿಲು ತೆರೆದೇ ಒಂದು ಗಂಟೆ ಫ್ಯಾನ್ ಕೆಳಗಿಟ್ಟು ಆಮೇಲೆ ಡಬ್ಬಕ್ಕೆ ಹಾಕಿ. ಸಮುದ್ರದ ಹತ್ತಿರ ಹೋಗಿದ್ದರೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿ ಉಪ್ಪು ತೆಗೆಯಿರಿ, ಆಮೇಲೆ ಒಣ ಬಟ್ಟೆ. ಎಸಿ ಕಾರಿನಿಂದ ಇಳಿದು ಸೆಕೆಯ ಗಾಳಿಗೆ ಕ್ಯಾಮೆರಾ ಹೊರತೆಗೆದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಕಾರಿನಲ್ಲಿ ಇರುವಾಗಲೇ ಜಿಪ್ ಕವರಿಗೆ ಹಾಕಿ, ಇಳಿದ ಮೇಲೆ ಅರ್ಧ ಗಂಟೆ ಬಿಟ್ಟು ತೆರೆಯಿರಿ.

ಮತ್ತೆ, ಡಬ್ಬದಲ್ಲಿಟ್ಟು ಮರೆಯಬೇಡಿ. ವಾರಕ್ಕೊಂದು ದಿನ ಹೊರಗೆ ತೆಗೆದು ಹತ್ತು ಫೋಟೋ ತೆಗೆಯಿರಿ. ಝೂಮನ್ನು ಪೂರ್ತಿ ಹೊರಗೆ ಬಿಟ್ಟು ಕಿಟಕಿಯ ಬೆಳಕು ತೋರಿಸಿ, ಬಿಸಿಲು ನೇರ ಬೀಳದಿರಲಿ. ಜೆಲ್ ಬಣ್ಣ ಬದಲಾಗಿದ್ದರೆ ಅಗಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಸೌಟಿನಿಂದ ಕೆದಕುತ್ತಾ, ಮೊದಲಿನ ಬಣ್ಣ ಬರುವ ತನಕ ಬಿಸಿಮಾಡಿ. ಆ ಬಾಣಲೆ, ಸೌಟು ಎರಡನ್ನೂ ಅಡುಗೆಗೆ ಮತ್ತೆ ಬಳಸಬೇಡಿ. ಪೂರ್ತಿ ಆರಿದ ಮೇಲೆಯೇ ಕಟ್ಟಿ ಒಳಗಿಡಿ.